ಎಳ್ಳುಕಾಳಿನಷ್ಟು ದೂರ

ಹಲಬರ್ಗಾದ ಧೊಂಡಿಬಾ ಕುರಿ ಸಾಕುವ ಮನೆಯವರು. ನಲವತ್ತು ವರ್ಷದಿಂದ ಭಾಲ್ಕಿಯಲ್ಲಿ ಭಜನೆಯ ಹಾರ್ಮೋನಿಯಂ ರಿಪೇರಿ ಮಾಡುತ್ತಾರೆ. ನಮ್ಮ ಕಡೆ ಅದಕ್ಕೆ ಪೇಟಿ ಅನ್ನುತ್ತೇವೆ. ಬೀದರಿನ ನಮ್ಮ ಶಾಲೆಯಲ್ಲಿ ಯಾವ ಕಾಲದ್ದೋ ಒಂದು ಗ್ರ್ಯಾಂಡ್ ಪಿಯಾನೊ ಮೂಲೆಗೆ ಬಿದ್ದಿತ್ತು. ಮೂರು ತಿಂಗಳು ಕೂತು ಅದನ್ನು ಬಿಚ್ಚಿ ಜೋಡಿಸಿದವರು ಇವರೇ. ತಂತಿಯ ನಾದ ನಿಲ್ಲಿಸುವ ಮೆತ್ತೆಗಳನ್ನು ಇಲಿಗಳು ತಿಂದಿದ್ದವು. ಇವರ ಹೆಂಡತಿ ಅಂಜನಾಬಾಯಿ ಮನೆಯ ಕುರಿಗಳ ಉಣ್ಣೆಯನ್ನೇ ಬಿಸಿನೀರಲ್ಲಿ ನಾದಿ, ಒತ್ತಿ ಹೊಸ ಮೆತ್ತೆ ಮಾಡಿಕೊಟ್ಟರು.

ಪಿಯಾನೊ ಉದ್ಘಾಟನೆಯ ದಿನ ಮೊದಲು ನುಡಿಸುವ ಮರ್ಯಾದೆ ಸಂಗೀತ ಮೇಷ್ಟ್ರಾದ ನನ್ನದಾಯಿತು. ಮೂವತ್ತು ವರ್ಷ ಪೇಟಿ ಬಾರಿಸಿದವನಿಗೆ ಪಿಯಾನೊ ಏನು ಮಹಾ? ಕಣ್ಣು ಮುಚ್ಚಿ, ಬೆರಳಿಡುವ ಬಿಳಿ ಮನೆಯೊಂದನ್ನು ಮೆಲ್ಲಗೆ ಒತ್ತಿದೆ. ಸದ್ದಿಲ್ಲ. ಇನ್ನೊಂದು ಒತ್ತಿದೆ. ಊಹೂಂ. ಬಗ್ಗಿ ನೋಡಿದರೆ, ಒಳಗಿನ ಸುತ್ತಿಗೆ ತಂತಿಯ ತನಕ ಏರಿ, ಮುಟ್ಟದೆಯೇ ಇಳಿಯುತ್ತಿತ್ತು.

ಮೈಕಿನಲ್ಲೇ ಕೇಳಿದೆ: "ಏನ್ ಕಾಕಾ, ರಿಪೇರಿ ಮಾಡೀರೋ, ಕೆಡಿಸೀರೋ?"

ಸಭೆ ಗೊಳ್ಳೆಂದಿತು. ಗಂಡನ ಕೆಲಸ ನೋಡಲು ಮೊದಲ ಸಲ ಬಂದಿದ್ದ ಅಂಜನಾಬಾಯಿ ಸೆರಗು ತಲೆಗೆಳೆದುಕೊಂಡು ಹೊರನಡೆದರು.

ಧೊಂಡಿಬಾ ಬಂದು, ಯಾರಿಗೂ ಕೇಳದ ಹಾಗೆ ನನ್ನ ಕಿವಿಯಲ್ಲಿ ಅಂದರು: "ಪೇಟಿ ಅಂದ್ಕೊಂಡು ಒತ್ತೀರಿ ಸರ. ಮನಿ ಒತ್ತಿದ್ರ ಒಳಗ ಒಂದು ಕಡ್ಡಿ ಸುತ್ತಗಿನ್ನ ಮ್ಯಾಲ ನೂಕ್ತದ್ರಿ. ತಂತಿ ಎಳ್ಳುಕಾಳಿನಷ್ಟು ದೂರ ಇದ್ದಾಗ ಕಡ್ಡಿ ಸರದು ಬಿಡ್ತದ. ಆಮ್ಯಾಲ ಸುತ್ತಗಿ ತನ್ನ ಜೋರಿನ ಮ್ಯಾಲೇ ಹಾರಿ, ಬಡದು, ವಾಪಸ್ ಬರಬೇಕು. ತಂತಿಗಿ ಅಂಟ್ಕೊಂಡು ಕುಂತ್ರ ನಾದನೇ ಸಾಯ್ತದ್ರಿ. ಸ್ವಲ್ಪ ಬಡೀರಿ."

ಬಡಿದೆ. ನಾದ ಸಭಾಂಗಣವನ್ನೆಲ್ಲ ತುಂಬಿತು. ಚಪ್ಪಾಳೆ ಬಿತ್ತು, ಅದೂ ನನಗೆ! ಮುಖ ಎಲ್ಲಿಡಲಿ ಎಂದು ತಿಳಿಯದೆ ಹೊರಗೆ ಓಡಿದೆ. ಅಂಜನಾಬಾಯಿ ಮೆಟ್ಟಿಲ ಮೇಲೆ ಕೂತಿದ್ದರು.

"ಕಾಕು, ತಪ್ಪು ನಂದೇ ಆಯ್ತು."

"ಅಂದದ್ದು ಮಂದಿ ಮುಂದ," ಎಂದರು ತಲೆಯೆತ್ತದೆ, "ತಪ್ಪಾಯ್ತು ಅನ್ನೋದು ನನ್ನೊಬ್ಬಾಕಿ ಮುಂದ ಏನ್ರಿ?"

ಮತ್ತೆ ವೇದಿಕೆ ಹತ್ತಿದೆ. ಅವರೂ ಬಂದು ಬಾಗಿಲಲ್ಲಿ ನಿಂತರು. ಮೈಕಿನಿಂದ ಒಂದು ಗೇಣು ಹಿಂದೆ ನಿಂತು, ಆದಷ್ಟು ಮೆಲ್ಲಗೆ, "ಕೆಟ್ಟದ್ದು ಪಿಯಾನೊ ಅಲ್ಲರಿ, ನನಗ ಬಾರಿಸಾಕ ಬರ್ಲಿಲ್ಲ," ಎಂದೆ.

"ಕೇಳ್ಸವಲ್ಲದು!" ಬಾಗಿಲಿನಿಂದ ಅಂಜನಾಬಾಯಿ ಕೂಗಿದರು. "ಸ್ವಲ್ಪ ಬಡದು ಹೇಳ್ರಿ ಸರ!"