ಉಡಿಯಲ್ಲಿ ಹೋದ ಪುಸ್ತಕ

ಒಂದು ಕಾಲಕ್ಕೆ ನಾನು ಹೆಗಲಚೀಲಕ್ಕೆ ಕೈ ಹಾಕಿದರೆ ಸಾಕು, ಎದುರಿಗಿದ್ದ ಗೆಳೆಯರಿಗೆ ಒಲೆಯ ಮೇಲೆ ಹಾಲಿಟ್ಟು ಬಂದದ್ದು ನೆನಪಾಗುತ್ತಿತ್ತು. ಚೀಲದಲ್ಲಿದ್ದದ್ದು ಹಾವಲ್ಲ, ನನ್ನ ಮೊದಲ ಪ್ರಬಂಧ ಸಂಕಲನ. ಹುನಗುಂದದ ಕಾಲೇಜಿನಲ್ಲಿ ಪಾಠ ಹೇಳಿಕೊಂಡು, ಇಳಕಲ್ಲಿನ ನೇಕಾರರ ಓಣಿಯಲ್ಲಿ ಸುಖವಾಗಿದ್ದವನು, ಬಾಗಲಕೋಟೆಯಲ್ಲಿ ಪುಸ್ತಕ ಅಚ್ಚು ಹಾಕಿಸಿ ಲೇಖಕನಾಗಿದ್ದೆ. ಬರೆಯುವುದು ಹಗುರ ಕೆಲಸ ನೋಡಿ. ಬರೆದದ್ದು ಮನೆ ಬಿಟ್ಟು ಹೋಗುವಂತೆ ಮಾಡುವುದಿದೆಯಲ್ಲ, ಅದು ಮೈಯ ನೀರಿಳಿಸುತ್ತದೆ. ಪುಸ್ತಕದ ಗಂಟುಗಳೆಲ್ಲ ಮಂಚದ ಕೆಳಗೆ ಸೇರಿದ್ದವು. ಕಸ ಗುಡಿಸುವಾಗಲೆಲ್ಲ ನನ್ನ ಹೆಂಡತಿ ಗಿರಿಜಾ ಸಾಹಿತ್ಯಕ್ಕೆ ಕಸಬರಿಗೆ ತಾಗಿಸುತ್ತಿದ್ದಳು.

ಆಗ ಕೈ ಹಿಡಿದವನು ಗೆಳೆಯ ಮಹಾಂತೇಶ. ಬಸ್ ಸ್ಟ್ಯಾಂಡಿನ ಹತ್ತಿರ ಇಂಟರ್ನೆಟ್ ಅಂಗಡಿ ಇಟ್ಟಿದ್ದ. ಎರಡು ಸಾವಿರದ ಏಳರ ಆಸುಪಾಸಿನ ಮಾತು. ಊರ ಹುಡುಗರೆಲ್ಲ ಆಗ ಒಂದು ಜಾಲತಾಣಕ್ಕೆ ಮುಗಿಬಿದ್ದಿದ್ದರು. ಅದು ಈಗ ಕಣ್ಮುಚ್ಚಿದೆ, ಹೋದವರ ಹೆಸರು ಎತ್ತುವುದು ಬೇಡ.

“ಲೇ, ಹಿಂಗ ಒಬ್ಬೊಬ್ಬರಿಗೆ ಪುಸ್ತಕ ತೋರಿಸ್ಕೋತ ಹೊಂಟ್ರ ಮುದುಕ ಆಗ್ತಿ. ಇದ್ರಾಗ ಒಂದ್ ಸಲ ಹಾಕು, ಜಗತ್ತಿಗೇ ಗೊತ್ತಾಗ್ತೈತಿ,” ಎಂದ.

ಹಾಕಿದೆ. ಮುಖಪುಟದ ಫೋಟೋ, ಗಲ್ಲಕ್ಕೆ ಕೈ ಹಚ್ಚಿ ಕೂತ ನನ್ನ ಫೋಟೋ, ಜೊತೆಗೆ ಅಭಿಮಾನಿಗಳ ಬಳಗ ಎಂಬ ಒಂದು ಗುಂಪು. ಅದರ ಮೊದಲ ಅಭಿಮಾನಿಯೂ ನಾನೇ. ಅಭಿನಂದನೆಗಳು ಸುರಿದವು. ದುಬೈಯಿಂದ ಒಬ್ಬ ‘ಸೂಪರ್ ಸರ್’ ಎಂದ. ನನಗೆ ಹಿಗ್ಗೋ ಹಿಗ್ಗು. ಯಾವ ಪ್ರಬಂಧ ಸೂಪರ್ ಎಂದು ಕೇಳಿದೆ. ಅವನು ಇವತ್ತಿನವರೆಗೂ ಯೋಚನೆ ಮಾಡುತ್ತಿದ್ದಾನೆ.

ಪ್ರಚಾರದ ಬಗ್ಗೆ ಹಗುರವಾಗಿ ಮಾತಾಡುವವರನ್ನು ಕಂಡರೆ ನನಗೆ ಸಿಟ್ಟು. ಹಳೆಯ ಕವಿಗಳು ಕಾವ್ಯದ ಕೊನೆಗೆ ಫಲಶ್ರುತಿ ಬರೆಯುತ್ತಿದ್ದರಲ್ಲ, ಓದಿದವರಿಗೆ ಸಂತಾನ, ಕೇಳಿದವರಿಗೆ ಸಂಪತ್ತು ಎಂದು, ಅದೇನು ಮತ್ತೆ? ಬಾದಾಮಿಯ ಬಂಡೆಗಳ ಮೇಲೆ ಅರಸರು ತಮ್ಮ ಗುಣಗಾನ ಕೆತ್ತಿಸಿದ್ದು ಯಾರೂ ಅಳಿಸಬಾರದೆಂದೇ ಅಲ್ಲವೇ? ನನ್ನ ಹತ್ತಿರ ಬಂಡೆ ಇರಲಿಲ್ಲ, ಮಹಾಂತೇಶನ ಕಂಪ್ಯೂಟರ್ ಇತ್ತು. ಅದೂ ಕರೆಂಟ್ ಇದ್ದಾಗ.

ತಿಂಗಳುಗಳು ಹೋದವು. ಪುಸ್ತಕ ಓದಿದೆ ಎಂದವರು ಒಬ್ಬರೂ ಸಿಗಲಿಲ್ಲ. ಎರಡನೆಯ ಸಂಕಲನ ಅರ್ಧ ಬರೆದಿಟ್ಟಿದ್ದೆ. ಓದುವವರು ಒಬ್ಬರಾದರೂ ಕಣ್ಣಿಗೆ ಬೀಳದಿದ್ದರೆ ಅದನ್ನು ಮುಗಿಸುವುದಿಲ್ಲ, ಬರೆಯುವುದನ್ನೇ ಬಿಡುತ್ತೇನೆ ಎಂದು ಗಿರಿಜಾಳ ಮುಂದೆ ಸಾರಿದೆ. ಅವಳು ತಡೆಯುತ್ತಾಳೆ ಅಂದುಕೊಂಡಿದ್ದೆ.

“ಬಿಡ್ರಿ ಹಂಗಾರ. ಮಂಚದ ಬುಡಕ ಇನ್ನೊಂದು ಗಂಟು ಹಿಡಿಯಂಗಿಲ್ಲ,” ಎಂದಳು.

ಹೊರಗೆ ನಕ್ಕೆ. ಒಳಗೆ ನಿಜವಾಗಿಯೂ ದುಃಖವಾಯಿತು.

ಶ್ರಾವಣ ಬಂತು. ನಮ್ಮ ಕಡೆ ಮನೆಗೆ ಬಂದ ಮುತ್ತೈದೆಯನ್ನು ಬರಿಗೈಯಲ್ಲಿ ಕಳಿಸುವುದಿಲ್ಲ. ಅವಳು ಸೆರಗು ಒಡ್ಡಿದರೆ ಅಕ್ಕಿ, ಕೊಬ್ಬರಿ, ಉತ್ತತ್ತಿ, ಜೊತೆಗೊಂದು ಕುಪ್ಪಸದ ಖಣ ಹಾಕಿ ಉಡಿ ತುಂಬುತ್ತಾರೆ. ಉಡಿಯಲ್ಲಿ ಬಿದ್ದದ್ದನ್ನು ಒಲ್ಲೆ ಎನ್ನುವಂತಿಲ್ಲ. ಒಂದು ಸಂಜೆ ಕಾಲೇಜಿನಿಂದ ಬಂದು ನೋಡುತ್ತೇನೆ, ಗಿರಿಜಾ ಮಡಿಸಿದ ಖಣದೊಳಗೆ ನನ್ನ ಪುಸ್ತಕ ತುರುಕಿ ಓಣಿಯ ಹೆಣ್ಣುಮಕ್ಕಳ ಉಡಿ ತುಂಬುತ್ತಿದ್ದಾಳೆ.

ಉಡಿಯ ಖಣದ ಹಣೆಬರಹ ಯಾರಿಗೆ ಗೊತ್ತಿಲ್ಲ ಹೇಳಿ. ಅದನ್ನು ಯಾರೂ ಹೊಲಿಸುವುದಿಲ್ಲ. ಮಡಿಕೆ ಬಿಚ್ಚದೆ ಟ್ರಂಕಿನಲ್ಲಿಟ್ಟು ಮುಂದಿನವಳ ಉಡಿಗೆ ದಾಟಿಸುತ್ತಾರೆ. ಕೆಲವು ಖಣಗಳಂತೂ ಜಿಲ್ಲೆಯೆಲ್ಲ ಸುತ್ತಿ, ಬಣ್ಣಗೆಟ್ಟು, ಹೊರಟ ಮನೆಗೇ ಬಂದು ಸೇರುತ್ತವೆ.

“ಅದನ್ನ ಯಾರೂ ಬಿಚ್ಚಂಗಿಲ್ಲ. ನನ್ನ ಪುಸ್ತಕ ಹಂಗ ಮುಚಗೊಂಡ ತಿರಗತೈತಿ,” ಎಂದೆ.

“ಬುಡಕ ಬಿದ್ದಿರೂದಕ್ಕಿಂತ ತಿರಗೂದು ಚಲೋ ಅಲ್ಲೇನ್ರಿ? ನಾಕು ಊರಾದ್ರೂ ನೋಡ್ಲಿ,” ಎಂದಳು.

ಮರುವರ್ಷ ಚೊಳಚಗುಡ್ಡದಲ್ಲಿ ಒಂದು ತೊಟ್ಟಿಲ ಕಾರ್ಯವಿತ್ತು. ಗಿರಿಜಾಳ ಕಡೆಯ ದೂರದ ನೆಂಟರು, ನಾನು ಅವರ ಮನೆಗೆ ಹೋದದ್ದು ಅದೇ ಮೊದಲು. ನಾನು ಹೋಳಿಗೆಯ ಮುಂದೆ ಕೂತಿದ್ದೆ. ಪಕ್ಕದಲ್ಲೇ ಕೂಸಿನ ಅಜ್ಜಿ ನೀಲವ್ವ ಗಿರಿಜಾಳ ಉಡಿ ತುಂಬುತ್ತಿದ್ದಳು.

“ಈ ಖಣದಾಗ ಒಂದ್ ಪುಸ್ತಕ ಐತಿ ನೋಡವಾ,” ಎಂದಳು ನೀಲವ್ವ. “ನಮ್ಮ ಬೀಗತಿ ಉಡ್ಯಾಗ ಹಾಕಿದ್ಲು. ಓದಿ ಮುಂದ ಕಳಸು, ಮನ್ಯಾಗ ಇಟ್ಕೋಬ್ಯಾಡ. ಮ್ಯಾಲಿನ ಹಾಳಿ ಹರದೈತಿ, ಬರದಾಂವ ಯಾರೋ ಏನೋ. ಆದ್ರ ಹೆಂಡ್ತಿಗೆ ಭಾಳ ಅಂಜತಾನ. ಇಳಕಲ್ಲಾಗ ಇದ್ದು, ಹೆಂಡ್ತಿಗಂತ ಬಾದಾಮ್ಯಾಗ ಇಳಕಲ್ ಸೀರಿ ತಗೊಂಡು ಹೋಗ್ಯಾನಂತ. ಆಕಿ ನೋಡಿದ್ರ ಅದು ಅವರ ಓಣ್ಯಾಗ ನೇಯ್ದ ಸೀರಿ. ಅದನ್ನ ಓದಿ ನಮ್ಮ ಮಗಳು, ಹಸಿ ಬಾಣಂತಿ, ನಕ್ಕೋತ ಹೊಟ್ಟಿ ಹಿಡ್ಕೊಂಡ್ಲು. ನಗಬ್ಯಾಡ ಅಂದ್ರ ಕೇಳವಲ್ಲಳು.”

ಯಾವ ಪ್ರಬಂಧ ಎಂದು ನಾನು ಕೇಳಬೇಕಾಗಿರಲಿಲ್ಲ. ನಾನು ಲೇಖಕ, ನಾನು ಲೇಖಕ ಎಂದು ಜಗತ್ತಿಗೆಲ್ಲ ಡಂಗುರ ಹೊಡೆದವನು ಅಲ್ಲಿ ಎಲೆಯ ಕಡೆ ತಲೆ ಬಗ್ಗಿಸಿದೆ. ಖುಷಿಗೆ ಕಣ್ಣು ಮಂಜಾಗಿ ಹೋಳಿಗೆಯ ಮೇಲೆ ತುಪ್ಪದ ಬದಲು ಸಾರು ಹಾಕಿಕೊಂಡೆ.

ಗಿರಿಜಾ ನನ್ನ ಕಡೆ ತಿರುಗಿಯೂ ನೋಡಲಿಲ್ಲ. “ಅಂಜಲಿ ಬಿಡ್ರಿ. ಅಂಜಿ ಇದ್ರ ಚಲೋ,” ಎಂದು ಸೆರಗು ಸರಿಮಾಡಿಕೊಂಡಳು.

ಬಸ್ಸಿನಲ್ಲಿ ಖಣ ಬಿಚ್ಚಿದೆ. ಪುಸ್ತಕದ ಮುಖಪುಟ ಹೋಗಿತ್ತು, ಅದರ ಜೊತೆಗೆ ಗಲ್ಲಕ್ಕೆ ಕೈ ಹಚ್ಚಿದ ನಾನೂ ಹೋಗಿದ್ದೆ. ಹಾಳೆಗಳ ಅಂಚಿಗೆ ಅರಿಷಿಣ ಹತ್ತಿತ್ತು. ಸೀರೆಯ ಪ್ರಬಂಧದಲ್ಲಿ ಗುರುತಿಗೆಂದು ಯಾರೋ ತಲೆಯ ಪಿನ್ನು ಸಿಕ್ಕಿಸಿದ್ದರು. ಅಚ್ಚಾದ ದಿನವೂ ಆ ಪುಸ್ತಕ ಅಷ್ಟು ಚೆಂದ ಕಂಡಿರಲಿಲ್ಲ. ಇದನ್ನು ಗಾಜಿನ ಕಪಾಟಿನಲ್ಲಿ ಇಡುತ್ತೇನೆ ಎಂದೆ.

ಗಿರಿಜಾ ಅದನ್ನು ನನ್ನ ಕೈಯಿಂದ ತೆಗೆದುಕೊಂಡು ಮತ್ತೆ ಖಣದೊಳಗೆ ಮಡಿಸಿದಳು. “ಇಟ್ಕೋಬ್ಯಾಡ ಅಂದಾರ, ಕೇಳಲಿಲ್ಲೇನು? ಬಾಜೂಮನಿ ಗಂಗವ್ವ ತೌರಮನಿಗೆ ಹೊಂಟಾಳ, ಆಕಿ ಉಡ್ಯಾಗ ಹಾಕ್ತೇನಿ. ನಿಮಗ ಬೇಕಿದ್ರ ಎರಡನೇದು ಬರಕೋರಿ.”

ಬರೆದುಕೊಂಡೆ. ಮುಗಿಯುವವರೆಗೆ ಮಹಾಂತೇಶನ ಅಂಗಡಿಯ ಕಡೆ ತಲೆ ಹಾಕಲಿಲ್ಲ. ಎರಡನೆಯ ಪುಸ್ತಕ ಅಚ್ಚಾಗಿ ಬಂದ ದಿನ ಗಂಟುಗಳನ್ನು ಮಂಚದ ಕೆಳಗೆ ತಳ್ಳಿ, ಗಿರಿಜಾಳನ್ನು ಕರೆದುಕೊಂಡು ನೆಟ್ಟಗೆ ಖಣದ ಅಂಗಡಿಗೆ ಹೋದೆ.