ಗೌರಿ ಒಪ್ಪಿಕೊಂಡ ನನ್ನ ನಕಲು

ಕೊಟ್ಟಿಗೆಯ ಬಾಗಿಲಿಗೆ ಬಂದವಳು ಅಲ್ಲೇ ನಿಂತುಬಿಟ್ಟೆ. ಒಳಗೆ ನಾನೇ ಕೂತು ಹಾಲು ಕರೆಯುತ್ತಿದ್ದೆ! ಅದೇ ನನ್ನ ಹಸಿರು ಸೀರೆ, ತಲೆಯ ಮೇಲೆ ನಾನು ಹೊದೆಯುವ ಹಾಗೇ ಸೆರಗು. ಮುಖ ಇತ್ತ ತಿರುಗಿದಾಗ ಮೀಸೆ ಕಂಡಿತು. ನಮ್ಮ ಯಜಮಾನರು!

"ಮಾತಾಡ್ಬ್ಯಾಡ ಕಣೆ, ಗೌರಿ ನನ್ನ ನೀನೇ ಅನ್ಕಂಡದೆ" ಎಂದು ಪಿಸುಗುಟ್ಟಿದರು.

ಗೌರಿ ನಮ್ಮ ಹಸು. ಕೈ ಬದಲಾದರೆ ಹಾಲು ಕೊಡದೆ ಒದೆಯುತ್ತದೆ. ಅದನ್ನೇ ನೆಪ ಮಾಡಿಕೊಂಡು ಇವರು ಒಂದು ದಿನವೂ ಕೆಚ್ಚಲು ಮುಟ್ಟಿದವರಲ್ಲ. ಪಾಂಡವಪುರದಲ್ಲಿ ಹೊಲಿಗೆ ಅಂಗಡಿ, ಮಕ್ಕಳು, ಅಡುಗೆ, ಎರಡು ಹೊತ್ತಿನ ಡೇರಿ ಹಾಲು, ಎಲ್ಲಕ್ಕೂ ನಾನೊಬ್ಬಳೇ. ಹಿಂದಿನ ದಿನವಷ್ಟೇ ಟಿವಿಯಲ್ಲಿ ಒಂದು ತಮಾಷೆ ಸಿನಿಮಾ ಬಂದಿತ್ತು. ಪುರುಸೊತ್ತಿಲ್ಲದ ಗಂಡನೊಬ್ಬ ತನ್ನದೇ ನಕಲುಗಳನ್ನು ಸಾಲಾಗಿ ಮಾಡಿಸಿಕೊಂಡು ಪೇಚಾಡುವ ಕತೆ. ಮನೆಯವರೆಲ್ಲ ಬಿದ್ದು ಬಿದ್ದು ನಕ್ಕರು. "ನನಗೂ ಅಂಥದ್ದೊಂದು ಮಾಡಿಸಿಕೊಡಿ" ಎಂದು ನಾನು ಮಾತ್ರ ನಗದೆ ಹೇಳಿದ್ದೆ.

ಆ ಸಂಜೆ ನಾನು ಕಿಕ್ಕೇರಿಯ ಅಕ್ಕನ ಮನೆಯಿಂದ ಬರುವಾಗ ಬಸ್ಸು ಕೆಟ್ಟು ನಿಂತಿತ್ತು. ಡೇರಿ ಮುಚ್ಚುವ ಹೊತ್ತಾದರೂ ನಾನು ಬರಲಿಲ್ಲವೆಂದು, ಒಗೆಯಲು ಹಾಕಿದ್ದ ನನ್ನ ಸೀರೆಯನ್ನು ಅತ್ತೆಯೇ ತಮ್ಮ ಮಗನಿಗೆ ಸುತ್ತಿ, "ಅದ್ಕೆ ಸೀರೆ ವಾಸ್ನೆ ಸಾಕು, ನಡೀಲಾ" ಎಂದು ಕೊಟ್ಟಿಗೆಗೆ ತಳ್ಳಿದ್ದರಂತೆ. ಗೌರಿ ಒಮ್ಮೆ ಮೂಸಿ ಸುಮ್ಮನಾಯಿತಂತೆ.

ಈಗ ಆ ಸೀರೆ ಕೊಟ್ಟಿಗೆಯ ಗೂಟದಲ್ಲೇ ಇರುತ್ತದೆ. ಬೆಳಿಗ್ಗೆ ನಾನು ಉಡುತ್ತೇನೆ, ಸಂಜೆ ಅವರು. ಗೌರಿಯ ಪಾಲಿಗೆ ಮಾತ್ರ ಎರಡು ಹೊತ್ತೂ ಬರುವವಳು ನಾನೇ.