ಡಿಸ್ಕಿನ ಮೇಲೆ ಅವ್ವ ಇಟ್ಟ ಬೊಟ್ಟು

ಮಾಡಿದ್ದೆನೋ ಇಲ್ಲವೋ ಎಂದು ನನಗೇ ಗೊತ್ತಿಲ್ಲದ ಒಂದು ತಪ್ಪನ್ನು ನಾನು ಬಾಯಿಬಿಟ್ಟು ಒಪ್ಪಿಕೊಂಡು ಐದು ವರ್ಷವಾಗಿತ್ತು. ಒಪ್ಪಿಕೊಂಡದ್ದು ಒಳ್ಳೆಯತನದಿಂದಲ್ಲ, ಸಿಟ್ಟಿನಿಂದ.

ಅವ್ವ ತೀರಿಕೊಂಡ ಹದಿಮೂರನೆಯ ದಿನ. ಚೆಂಬೂರಿನ ನಮ್ಮ ಮನೆಗೆ ಬಂದವರೆಲ್ಲ ಉಂಡು ಎದ್ದಿದ್ದರು. ಅಕ್ಕ ಅಡಿಗೆಮನೆಯ ಬಾಗಿಲಿಗೆ ಒರಗಿ ನಿಂತು ಎಲ್ಲರಿಗೂ ಕೇಳುವ ಹಾಗೆ ಅಂದಳು: "ಅವ್ವನ ದನಿ ಒಂದ ಕಡೆ ಉಳದಿತ್ತು. ನನ್ನ ಮದುವೀ ಡಿವಿಡಿಯೊಳಗ. ಒಪ್ಪಿಸೂ ಹಾಡು. ಅದನ್ನೂ ನೀ ಕಡದ ಒಗದಿ."

ನಾನು ಆ ದಿನಗಳಲ್ಲಿ ಸರಿಯಾಗಿ ಉಂಡಿರಲಿಲ್ಲ, ಮಲಗಿರಲಿಲ್ಲ. ತಲೆ ಕೆಟ್ಟಿತು. "ಹೌದು, ಕಡದೀನಿ. ಏನೀಗ?" ಅಂದುಬಿಟ್ಟೆ.

ಅಕ್ಕ ಚಪ್ಪಲಿ ಮೆಟ್ಟಿಕೊಂಡು ಗಂಡನ ಜೊತೆ ದಹಿಸರಿನ ತನ್ನ ಮನೆಗೆ ಹೊರಟುಹೋದಳು. ಆಮೇಲೆ ಪೂರ್ತಿ ಮಾತು ಬಿಟ್ಟಳು ಎನ್ನುವಂತೆಯೂ ಇಲ್ಲ. ದೀಪಾವಳಿಗೆ ಫೋನು ಬರುತ್ತಿತ್ತು, "ಎಲ್ಲಾರೂ ಆರಾಮ?" ಎಂದು ಕೇಳಿ ಇಡುತ್ತಿದ್ದಳು. ಆದರೆ ಪಂಚಮಿಗೆ ಬರುವುದನ್ನು ನಿಲ್ಲಿಸಿದಳು. ನಮ್ಮ ಧಾರವಾಡದ ಕಡೆಯವರಿಗೆ ನಾಗರಪಂಚಮಿಯೆಂದರೆ ಹೆಣ್ಣುಮಕ್ಕಳು ತವರಿಗೆ ಬರುವ ಹಬ್ಬ. ಅಣ್ಣನೋ ತಮ್ಮನೋ ಹೋಗಿ ಕರೆದುಕೊಂಡು ಬರಬೇಕು. ನಾನು ವರ್ಷಾವರ್ಷ ಹೋದೆ. ಒಂದು ವರ್ಷ ಮಗಳ ಪರೀಕ್ಷೆ, ಇನ್ನೊಂದು ವರ್ಷ ನಳದಲ್ಲಿ ನೀರಿಲ್ಲ, ಉಳಿದ ವರ್ಷಗಳೆಲ್ಲ ಮೊಣಕಾಲು ನೋವು. ಅವಳು ಕೊಟ್ಟ ಚಹಾ ಕುಡಿದು ಒಬ್ಬನೇ ಲೋಕಲ್ ಹತ್ತಿ ವಾಪಸು ಬರುತ್ತಿದ್ದೆ. ಮನೆಯಲ್ಲಿ ಹೆಂಡತಿ ಬಾಗಿಲು ತೆರೆದು ನನ್ನ ಹಿಂದೆ ಯಾರೂ ಇಲ್ಲದ್ದನ್ನು ನೋಡಿ, ಹಬ್ಬಕ್ಕೆಂದು ಕಟ್ಟಿದ ಎಳ್ಳುಂಡಿಗಳನ್ನು ಮುಚ್ಚಿಡುತ್ತಿದ್ದಳು.

ನಾನು ಮದುವೆಯ ವಿಡಿಯೋ ತೆಗೆಯುವವನು. ಚೆಂಬೂರು, ಮಾಟುಂಗಾ, ವಡಾಲದ ಮದುವೆ ಹಾಲ್‌ಗಳಲ್ಲಿ ಯಾರ ಮದುವೆ ಎಂದು ಮರೆತುಹೋಗುವಷ್ಟು ಮದುವೆ ಹಿಡಿದಿದ್ದೇನೆ. ಅಕ್ಕನ ಮದುವೆಯನ್ನು ಬೇರೆಯವರ ಕೈಗೆ ಕೊಡುವುದು ಹೇಗೆ? ನಾನೇ ಹಿಡಿದೆ, ನಾನೇ ಎಡಿಟ್ ಮಾಡಿದೆ. ಅದಕ್ಕೆ ಈಗ ಹದಿನಾರು ವರ್ಷ.

ಆಗ ಮಾಮೂಲಿ ಡಿವಿಡಿಯಲ್ಲಿ ಇಡೀ ಮದುವೆ ಹಿಡಿಸುತ್ತಿರಲಿಲ್ಲ. ಹಿಡಿಸಬೇಕೆಂದರೆ ಚಿತ್ರವನ್ನು ಹಿಂಡಬೇಕು, ಹಿಂಡಿದರೆ ಮುಖಗಳೆಲ್ಲ ಕಲೆಸಿದ ಹಿಟ್ಟು. ಅಕ್ಕನ ಮದುವೆಗೆ ಹಾಗೆ ಮಾಡಲಾರೆ ಎಂದು ಹಟ ಹಿಡಿದು ಎರಡು ಪದರಿನ ಡಿಸ್ಕು ತಂದೆ. ಹೊರಗಿನಿಂದ ನೋಡಿದರೆ ಅದೂ ಎಲ್ಲದರ ಹಾಗೆ ಒಂದು ಹೊಳೆಯುವ ಬಿಲ್ಲೆಯೇ. ಒಳಗೆ ಮಾತ್ರ ಒಂದರ ಹಿಂದೆ ಒಂದು ಎರಡು ಪದರು. ಮುಂದಿನ ಪದರು ಅರೆಪಾರದರ್ಶಕ. ಕಿಟಕಿಗೆ ಇಳಿಬಿಟ್ಟ ತೆಳು ಪರದೆಯ ನೇಯ್ಗೆಯನ್ನೂ ನೋಡಬಹುದು, ನೋಟವನ್ನು ಸ್ವಲ್ಪ ದೂರ ಕಳಿಸಿದರೆ ಪರದೆಯಾಚೆಯ ಬೀದಿಯನ್ನೂ ನೋಡಬಹುದಲ್ಲ, ಡಿಸ್ಕು ಓದುವ ಬೆಳಕೂ ಹಾಗೆಯೇ ಮಾಡುತ್ತದೆ. ಮೊದಲ ಪದರನ್ನು ನಡುವಿನಿಂದ ಅಂಚಿನ ತನಕ ಓದುತ್ತದೆ. ಅಂಚಿನಲ್ಲಿ ಒಂದು ಕ್ಷಣ ನಿಂತು, ನೋಟ ಬದಲಿಸಿ, ಎರಡನೆಯ ಪದರನ್ನು ಅಂಚಿನಿಂದ ನಡುವಿಗೆ ಓದುತ್ತ ಬರುತ್ತದೆ. ಕೊನೆಯ ಸ್ಟೇಷನ್ನಿನಲ್ಲಿ ನಮ್ಮ ಲೋಕಲು ತಿರುಗದೆಯೇ ಹಿಂದಕ್ಕೆ ಹೊರಡುತ್ತದಲ್ಲ, ಹಾಗೆ.

ಅಂಥ ಡಿಸ್ಕು ಎರಡು ತಂದಿದ್ದೆ. ಒಂದು ಬರೆಯುವಾಗಲೇ ಹಾಳಾಯಿತು. ಇನ್ನೊಂದು ಅಂಚಿನ ತನಕ ತುಂಬಿ ಸರಿಯಾಗಿ ಬಂತು. ಅದನ್ನು ಅಕ್ಕನಿಗೆ ಕಳಿಸುವ ಮೊದಲು ಅವ್ವ ಒಂದು ದಿನ ದೇವರ ಮುಂದೆ ಇಟ್ಟುಕೊಂಡಳು. ಡಿಸ್ಕು ಇದೆಯಲ್ಲ ಎಂಬ ಧೈರ್ಯದಲ್ಲಿ ಮದುವೆಯ ಟೇಪುಗಳ ಮೇಲೆ ನಾನು ಬೇರೆ ಮದುವೆಗಳನ್ನು ಹಿಡಿದುಬಿಟ್ಟೆ. ಹಳೆಯ ಕಂಪ್ಯೂಟರೂ ಕೆಟ್ಟು ಹೋಯಿತು. ಉಳಿದದ್ದು ಅಕ್ಕನ ಕಪಾಟಿನಲ್ಲಿದ್ದ ಆ ಒಂದೇ ಬಿಲ್ಲೆ.

ಆ ಡಿಸ್ಕು ಅಕ್ಕನ ಮನೆಯಲ್ಲಿ ಊಟದ ಪಂಕ್ತಿಯ ತನಕ ಓಡುತ್ತಿತ್ತಂತೆ. ಅಕ್ಕನ ಮಾವನವರು ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುವಲ್ಲಿಗೆ ಚಿತ್ರ ಚೌಕ ಚೌಕವಾಗಿ ಒಡೆದು ಮೊದಲಿಗೆ ಹೋಗುತ್ತಿತ್ತಂತೆ. ಅಲ್ಲಿಗೇ ಮುಗಿಯಿತೆಂದು ಅವಳು ತಿಳಿದಳು. ಮದುವೆಯ ಕೊನೆಯಲ್ಲಿ ಮಗಳನ್ನು ಬೀಗರ ಕೈಗೆ ಒಪ್ಪಿಸುವಾಗ ಅವ್ವ ಹಾಡಿದ್ದಳು, ಹಾಡುತ್ತ ಅತ್ತಿದ್ದಳು. ಬೀಗರ ಮುಂದೆ ಅವಮಾನವೆಂದು ತಮ್ಮ ಅದನ್ನು ಕತ್ತರಿಸಿದ ಎಂದು ಅಕ್ಕ ಲೆಕ್ಕ ಹಾಕಿದಳು. ನನ್ನನ್ನು ಒಂದು ಮಾತು ಕೇಳಬಹುದಿತ್ತು. ಅವಳೂ ನನ್ನ ಅಕ್ಕನೇ ತಾನೆ, ಕೇಳಿದರೆ ಸಣ್ಣವಳಾಗುತ್ತೇನೆಂದು ಹನ್ನೊಂದು ವರ್ಷ ಕೇಳದೆ ಕೂತಳು.

ನಾನೂ ಆಮೇಲೆ ಆ ಡಿಸ್ಕು ಕೊಡು, ನೋಡುತ್ತೇನೆ ಎನ್ನಬಹುದಿತ್ತು. ಅನ್ನಲಿಲ್ಲ. ಯಾಕೆಂದರೆ ನನಗೆ ಹೆದರಿಕೆ. ಮದುವೆ ಮನೆಯವರು ಬಂದು "ಭೈಯಾ, ರೋನಾ ಕಾಟ್ ದೋ" ಅನ್ನುತ್ತಿದ್ದರು. ಅಳುವುದನ್ನು ಕತ್ತರಿಸಿ ಕತ್ತರಿಸಿ ನನ್ನ ಕೈಗೆ ಅಭ್ಯಾಸವಾಗಿತ್ತು. ಅವ್ವನ ಅಳುವನ್ನೂ ಅದೇ ಕೈ ಕತ್ತರಿಸಿರಲಾರದು ಎಂದು ಯಾವ ಬಾಯಿಂದ ಹೇಳಲಿ? ನೆನಪು ಮಾಡಿಕೊಂಡಷ್ಟೂ ಕತ್ತರಿಸಿದ ಹಾಗೆಯೇ ಕಾಣತೊಡಗಿತು. ಸಿಟ್ಟಿನಲ್ಲಿ ಆಡಿದ್ದು ನಿಜವೇ ಇರಬೇಕೆಂದು ನಂಬಿಬಿಟ್ಟೆ.

ಈ ವರ್ಷ ಬೇಸಿಗೆಯಲ್ಲಿ ಅಕ್ಕನ ಫೋನು ಬಂತು, ದೀಪಾವಳಿಯಲ್ಲದೆ. ಅವರ ಬಿಲ್ಡಿಂಗು ಕೆಡವಿ ಕಟ್ಟುವುದಕ್ಕೆ ಹೋಗುತ್ತಿತ್ತು. ಎಲ್ಲರೂ ಮನೆ ಖಾಲಿ ಮಾಡಿ ಬಾಡಿಗೆಗೆ ಹೋಗಬೇಕು.

"ಕಪಾಟ ತಗದ್ರ ಆ ಡಿಸ್ಕ ಸಿಕ್ತು," ಅಂದಳು. "ಹಾಕಿ ನೋಡಾಕ ಮನ್ಯಾಗ ಮಿಷನ್ನ ಇಲ್ಲ. ಇದ್ದಷ್ಟರ ಪೆನ್ ಡ್ರೈವಿಗೆ ಹಾಕಿಕೊಡು. ಅವ್ವ ಅರಿಶಿಣ ಹಚ್ಚೂದಾದ್ರೂ ಐತಿ ಅದರೊಳಗ."

'ಇದ್ದಷ್ಟರ', ಅಂದರೆ ನಾನು ಕತ್ತರಿಸಿ ಉಳಿಸಿದ್ದಷ್ಟಾದರೂ, ಎಂಬುದು ಚುಚ್ಚಿತು. ಈ ಸಲ ಬಾಯಿ ಮುಚ್ಚಿಕೊಂಡೆ. ನನ್ನ ಹತ್ತಿರವೂ ಈಗ ಡಿಸ್ಕು ಓದುವ ಯಂತ್ರ ಇರಲಿಲ್ಲ. ಇಬ್ಬರಿಗೂ ನಡುವೆ ಆಗುತ್ತದೆಂದು ವಡಾಲ ಸ್ಟೇಷನ್ನಿನ ಹೊರಗಿನ ಒಂದು ರಿಪೇರಿ ಅಂಗಡಿ ಹೇಳಿದೆ. ಅಂಗಡಿಯವರು ವಿಜಯಪುರದ ಕಡೆಯ ಮುಸಲ್ಮಾನರು, ಎಲ್ಲರಿಗೂ ಚಾಚಾ. ನನ್ನ ಕ್ಯಾಮೆರಾ, ವಿಸಿಆರುಗಳ ಹೊಟ್ಟೆ ಬಗೆದು ಬದುಕಿಸಿದವರು. ಹಳೆಯದು ಯಾವುದನ್ನೂ ಬಿಸಾಡದವರು.

ಅಕ್ಕ ದಹಿಸರಿನಿಂದ ಅಂಧೇರಿಗೆ, ಅಲ್ಲಿಂದ ಹಾರ್ಬರ್ ಲೈನಿನ ಲೋಕಲ್ ಹಿಡಿದು ಮಧ್ಯಾಹ್ನದ ಹೊತ್ತಿಗೆ ಬಂದಳು. ಮೊಣಕಾಲು ಚೆನ್ನಾಗಿಯೇ ನಡೆಯುತ್ತಿತ್ತು. ಹಳೆಯ ರೇಷ್ಮೆ ಕುಪ್ಪಸದ ಬಟ್ಟೆಯಲ್ಲಿ ಸುತ್ತಿದ ಡಬ್ಬಿಯನ್ನು ಚಾಚಾರ ಕೈಗೆ ಕೊಟ್ಟಳು, ನನ್ನ ಕೈಗಲ್ಲ.

ಚಾಚಾ ಹಳೆಯ ಕಂಪ್ಯೂಟರಿಗೆ ಡಿಸ್ಕು ಹಾಕಿದರು. ಅರಿಶಿಣ ಹಚ್ಚುವ ಶಾಸ್ತ್ರ ಬಂತು. ಅವ್ವ ಅಕ್ಕನ ಕೆನ್ನೆಗೆ ಅರಿಶಿಣ ತೊಡೆಯುತ್ತ ಏನೋ ಹೇಳಿ ನಗುತ್ತಿದ್ದಳು. ಅಕ್ಕನೂ ನಾನೂ ತೆರೆಯ ಹತ್ತಿರಕ್ಕೆ ಬಾಗಿದೆವು. ಚಾಚಾ ಸರಸರ ಮುಂದಕ್ಕೆ ಓಡಿಸಿದರು. ಪಂಕ್ತಿ ಬಂತು, ಹೋಳಿಗೆ ಬಂತು, ತುಪ್ಪ ಬಂತು. ಚಿತ್ರ ಒಡೆಯಿತು. ಡ್ರೈವು ಕಿರ್ ಕಿರ್ ಎಂದು ಹುಡುಕಿ ಹುಡುಕಿ ಸುಮ್ಮನಾಯಿತು. ಮುಂದಿನದನ್ನು ತೆರೆಯಲು ನೋಡಿದರೂ ಅದೇ ಕಿರಿಕಿರಿ.

"ಇಲ್ಲೇ ಮುಗೀತೈತಿ ಅದು," ಎಂದಳು ಅಕ್ಕ, ಗೋಡೆಯ ಕಡೆ ನೋಡುತ್ತ.

ಚಾಚಾ ಕನ್ನಡಕ ಏರಿಸಿಕೊಂಡರು. "ಮುಗದಿಲ್ರೀ ಅಕ್ಕಾವ್ರ. ಇದರಾಗ ಎಂಟ ಜಿಬಿ ಹತ್ರ ಮಾಲ್ ಅದ. ನೀವು ನೋಡಿದ್ದು ಅರ್ಧಾ ಅಷ್ಟ. ಪೂರಾ ದೂಸ್ರಾ ಪದರ ಬಾಕಿ ಅದ."

ಇನ್ನೊಂದು ಅರ್ಧವಿದೆ. ಆದರೆ ಅದರಲ್ಲಿ ಹಾಡಿದೆಯೋ, ಅಥವಾ ಹಾಡನ್ನು ಬಿಟ್ಟು ಬರೀ ಫೋಟೋ ತೆಗೆಸಿಕೊಳ್ಳುವವರ ಸಾಲಿದೆಯೋ?

ಚಾಚಾ ಡಿಸ್ಕನ್ನು ಹೊರತೆಗೆದು ಟ್ಯೂಬ್‌ಲೈಟಿನ ಕೆಳಗೆ ಓರೆಯಾಗಿ ಹಿಡಿದರು. ಹೊಳೆಯುವ ಬದಿಯಲ್ಲಿ, ಸರಿಯಾಗಿ ಅಂಚಿಗೆ, ಒಣಗಿದ ಕೆಂಪು ಬೊಟ್ಟು. ಅದರ ಪಕ್ಕ ಒಂದು ಅರಿಶಿಣದ ಗೆರೆ.

"ಇದೇನ್ರೀ ಇದು?" ಎಂದರು.

"ಅವ್ವ ಹಚ್ಚಿದ್ದು," ಅಂದಳು ಅಕ್ಕ. "ಕಳಸೂ ಮುಂದ ಪೂಜಿ ಮಾಡಿದ್ಲು. ನಾ ಒರಸಿಲ್ಲ. ಅವ್ವನ ಬೆರಳಿನ ಗುರತು ಐತಿ ನೋಡ್ರಿ ಅದರಾಗ."

ನನಗೆ ನಗಬೇಕೋ ತಲೆ ಚಚ್ಚಿಕೊಳ್ಳಬೇಕೋ ತಿಳಿಯಲಿಲ್ಲ. ಅವ್ವನಿಗೆ ಮನೆಗೆ ಬಂದ ಹೊಸ ವಸ್ತುವನ್ನು ಹಾಗೇ ಬಿಟ್ಟು ಗೊತ್ತಿರಲಿಲ್ಲ. ಮಿಕ್ಸರಿಗೂ ಕುಂಕುಮ, ಇಸ್ತ್ರಿಪೆಟ್ಟಿಗೆಗೂ ಕುಂಕುಮ. ನಾನು ಮೊದಲ ಕ್ಯಾಮೆರಾ ತಂದ ದಿನ ಲೆನ್ಸಿಗೇ ಬೊಟ್ಟಿಡಲು ಬಂದವಳ ಕೈ ಹಿಡಿದುಕೊಂಡಿದ್ದೆ. ಡಿಸ್ಕಿನ ವಿಷಯ ನನಗೆ ಹೊಳೆದಿರಲಿಲ್ಲ. ಕನ್ನಡಿಯ ಹಾಗೆ ಹೊಳೆಯುವುದೇ ಅದರ ಮುಖ ಎಂದು ಅವಳು ತಿಳಿದಳು. ಮುಖಕ್ಕೆ ತಾನೆ ಬೊಟ್ಟು ಇಡುವುದು? ಬೆಳಕು ಒಂದು ಪದರಿನಿಂದ ಇನ್ನೊಂದಕ್ಕೆ ದಾಟಬೇಕಾದ ಜಾಗದಲ್ಲೇ ಅವ್ವನ ಆಶೀರ್ವಾದ ಅಡ್ಡ ಕೂತಿತ್ತು. ನಾನಾದರೂ ನಡುನಡುವೆ ಚಾಪ್ಟರು, ಅಂದರೆ ಮುಂದಿನ ಭಾಗಕ್ಕೆ ನೆಗೆಯುವ ಗುರುತು, ಹಾಕಿದ್ದರೆ ಅಕ್ಕ ಗುಂಡಿ ಒತ್ತಿ ದಾಟಿಸುತ್ತಿದ್ದಳೇನೋ. ಸೋಮಾರಿತನಕ್ಕೆ ಹಾಕಿರಲಿಲ್ಲ. ಅದು ಮಾತ್ರ ನನ್ನ ತಪ್ಪು.

"ಒರಸಬೇಕಾಗ್ತದ," ಎಂದರು ಚಾಚಾ ಮೆಲ್ಲಗೆ.

ಅಕ್ಕ ಡಿಸ್ಕನ್ನು ಇಸಿದುಕೊಂಡು ಮಡಿಲಲ್ಲಿ ಇಟ್ಟುಕೊಂಡಳು. ಹದಿನಾರು ವರ್ಷ ಕಾಪಾಡಿದ ಬೊಟ್ಟು. ಒರೆಸಿದ ಮೇಲೆ ಹಾಡೂ ಇಲ್ಲದಿದ್ದರೆ ಅವಳಿಗೆ ಎರಡೂ ಇಲ್ಲ. ನನ್ನ ಕಡೆ ನೋಡಿದಳು. "ಖರೇ ಹೇಳು. ಐತೇನು ಅದರಾಗ?"

"ನನಗ ಗೊತ್ತಿಲ್ಲಕ್ಕ," ಅಂದೆ. "ಅವತ್ತ ಕಡದೀನಿ ಅಂದಿದ್ದು ಸಿಟ್ಟಿಗೆ. ಕಡದೀನೋ ಇಲ್ಲೋ ನನಗ ನೆನಪಿಲ್ಲ."

ಅವಳು ಮೊಬೈಲು ತೆಗೆದು ಬೊಟ್ಟಿನ ಫೋಟೋ ತೆಗೆದುಕೊಂಡಳು. ಆಮೇಲೆ ಚಾಚಾ ಕೊಟ್ಟ ಮೆತ್ತನೆಯ ಬಟ್ಟೆಯನ್ನು ಸೋಪಿನ ನೀರಿಗೆ ಅದ್ದಿ ತಾನೇ ಒರೆಸಿದಳು. "ಸುತ್ತ ತಿರಗಿಸಬ್ಯಾಡ್ರಿ, ನಡುವಿನಿಂದ ಅಂಚಿಗೆ," ಎಂದು ಚಾಚಾ ಹೇಳಿಕೊಡುತ್ತಿದ್ದರು. ಬಟ್ಟೆಯ ತುದಿ ಕೆಂಪಾಯಿತು. ಅದನ್ನು ಮಡಚಿ ಪರ್ಸಿನಲ್ಲಿ ಹಾಕಿಕೊಂಡಳು. ಬಟ್ಟೆ ಚಾಚಾರದು, ಅವರು ಬೇಡವೆನ್ನಲಿಲ್ಲ.

ಮತ್ತೆ ಪಂಕ್ತಿ. ಹೋಳಿಗೆ. ತುಪ್ಪದ ಚಮಚ ಎಲೆಯ ಮೇಲೆ ಬಂದು ಚಿತ್ರ ಗಕ್ಕನೆ ನಿಂತಿತು. ಡ್ರೈವು ಒಮ್ಮೆ ಗುರ್ ಎಂದಿತು. ಅಕ್ಕ ನನ್ನ ತೋಳು ಹಿಡಿದದ್ದು ಅವಳಿಗೆ ಗೊತ್ತಾಗಿರಲಿಕ್ಕಿಲ್ಲ. ತುಪ್ಪ ಹೋಳಿಗೆಯ ಮೇಲೆ ಬಿತ್ತು. ಹದಿನಾರು ವರ್ಷಗಳ ಮೇಲೆ ಮಾವನವರು ಆ ಹೋಳಿಗೆ ತಿಂದರು.

"ಪಾರ್ ಹೋಗಯಾ! ದಾಟ್ತು ನೋಡ್ರಿ!" ಎಂದು ಚಾಚಾ ಮೇಜು ಬಡಿದರು.

ಫೋಟೋ ತೆಗೆಸಿಕೊಳ್ಳುವವರ ಸಾಲು ಬಂತು, ಮುಗಿಯಿತು. ಮಡಿಲು ತುಂಬುವುದು ಬಂತು. ಹಾಡು ತೀರ ಕೊನೆಯಲ್ಲಿತ್ತು, ಅಂದರೆ ಎರಡನೆಯ ಪದರಿನಲ್ಲಿ, ಮತ್ತೆ ಡಿಸ್ಕಿನ ನಡುವಿನ ಹತ್ತಿರ. ಮೊದಲ ಪದರಿನಲ್ಲಿ ಅರಿಶಿಣ ಹಚ್ಚುವುದಿದ್ದ ಜಾಗದ ಬೆನ್ನಿಗೇ. ಇಷ್ಟು ವರ್ಷ ಅಕ್ಕ ಅವ್ವನ ನಗು ನೋಡುವಾಗಲೆಲ್ಲ ಅವ್ವನ ಹಾಡು ಅದರ ಹಿಂದೆ ಕೂದಲೆಳೆಯಷ್ಟು ದೂರದಲ್ಲಿ ಕೂತಿತ್ತು.

ಅವ್ವ ಅಕ್ಕನ ಕೈ ಹಿಡಿದು ಅತ್ತೆಯವರ ಕೈಯಲ್ಲಿಟ್ಟು ಹಾಡತೊಡಗಿದಳು. ಸಣ್ಣ ದನಿ, ಸ್ವಲ್ಪ ಬಿರುಕು. ಎರಡು ನುಡಿ ಹಾಡಿ ಮೂರನೆಯದಕ್ಕೆ ನಿಂತಳು. ಸೆರಗು ಬಾಯಿಗೆ ಹೋಯಿತು. ಯಾರೋ ಹೆಂಗಸು "ಸಾಕ ಬಿಡವಾ" ಎಂದಳು. ಆಗ ಕ್ಯಾಮೆರಾದ ಹಿಂದಿನಿಂದ, ಮೈಕಿಗೆ ತೀರ ಹತ್ತಿರ, ಒಂದು ಗಂಡು ದನಿ ಬಂತು:

"ಹಾಡವ್ವಾ. ನಿಲ್ಲಸಬ್ಯಾಡ. ಅಕ್ಕಗ ಬೇಕದು."

ನನ್ನ ದನಿ. ಗದ್ಗದವಾದ, ಎಳೆಯ ದನಿ. ಚಿತ್ರ ಅಲುಗುತ್ತಿತ್ತು. ಕ್ಯಾಮೆರಾ ಹಿಡಿದವನ ಮಾತನ್ನು ತೆಗೆದುಹಾಕುವುದು ಎಡಿಟಿಂಗಿನ ಮೊದಲ ಪಾಠ. ಅದನ್ನೂ ನಾನು ತೆಗೆದಿರಲಿಲ್ಲ. ಅವ್ವ ನೇರ ನನ್ನತ್ತ ನೋಡಿ, ಮೂಗೊರೆಸಿಕೊಂಡು, ಮೂರನೆಯ ನುಡಿಯಿಂದ ಹಾಡನ್ನು ಮತ್ತೆ ಎತ್ತಿಕೊಂಡಳು. ಕೊನೆಯ ತನಕ ಹಾಡಿದಳು.

ಬದುಕಿದೆಯಾ ಬಡಜೀವವೇ ಎಂದುಕೊಂಡು ನಾನು ಚಾಚಾರ ಸ್ಟೂಲಿನ ಮೇಲೆ ಕುಸಿದು ಕೂತೆ. ಅಷ್ಟು ಹಗುರವಾಗಿ ನಾನು ಐದು ವರ್ಷದಲ್ಲಿ ಉಸಿರಾಡಿರಲಿಲ್ಲ. ಅಕ್ಕ ಅಳುತ್ತಿದ್ದಳು, ಅಳುತ್ತಲೇ ನನ್ನ ಬೆನ್ನಿಗೆ ಒಂದು ಗುದ್ದಿದಳು.

"ಅವತ್ತ ನೀನೂ ಅತ್ತಿದ್ದೀ?"

"ಇಲ್ಲ, ಮೈಕ್ ಹಂಗ ಕೇಳಸ್ತೈತಿ."

"ಸುಳ್ಳ."

ಚಾಚಾ ಎರಡು ಪೆನ್ ಡ್ರೈವಿಗೆ ಹಾಕಿ, ಸರಿಯಾಗಿ ಬಂದಿದೆಯೆಂದು ಮೂರು ಸಲ ನೋಡಿ ಕೊಟ್ಟರು. ನಾವು ಸ್ಟೇಷನ್ನಿಗೆ ಬಂದೆವು. ಅವಳ ಗಾಡಿ ಮೊದಲು ಬಂತು. ಹೆಂಗಸರ ಡಬ್ಬಿ ಹತ್ತಿ, ಬಾಗಿಲ ಕಂಬ ಹಿಡಿದು ನಿಂತು ಅಂದಳು: "ಇನ್ನೊಮ್ಮೆ ಮಾಡದ ತಪ್ಪು ಮಾಡೀನಿ ಅನಬ್ಯಾಡ. ಪಂಚಮಿಗೆ ಕರಿಯಾಕ ಬಾ. ಬಾಡಗಿ ಮನೀ ಅಡ್ರೆಸ್ ಕಳಸ್ತೀನಿ."

"ಮೊಣಕಾಲ?" ಎಂದೆ.

ಗಾಡಿ ಹೊರಟಿತು. ಅವಳು ಏನೋ ಬೈದಳು, ಗದ್ದಲದಲ್ಲಿ ಕೇಳಿಸಲಿಲ್ಲ. ನಾನು ಪ್ಲಾಟ್‌ಫಾರ್ಮಿನಲ್ಲೇ ನಿಂತು ಮನೆಗೆ ಫೋನು ಹಚ್ಚಿ, ಈ ಸಲ ಪಂಚಮಿಗೆ ಅಕ್ಕ ಬರುತ್ತಾಳೆ, ಎಳ್ಳುಂಡಿ ಜಾಸ್ತಿ ಮಾಡಬೇಕು ಎಂದು ಹೆಂಡತಿಗೆ ಹೇಳಿದೆ.